ಅಂಕಿಗಲ್ಲ, ಅಚ್ಚಿಗೆ ಬೆಲೆ ಕೊಡಿ

ಈ ತಿಂಗಳ ಅಂಚೆಯಲ್ಲಿ ಬಂದ ಪತ್ರಗಳಲ್ಲಿ ಬಹಳಷ್ಟು ಒಂದೇ ವಿಷಯದ ಸುತ್ತ ಇವೆ. ಗಾಂಧೀಜಿ, ಚರಕ, ತ್ರಿವರ್ಣ, ಭಾರತಮಾತೆ, ಕಿತ್ತೂರು ಚೆನ್ನಮ್ಮ, ಇಂಥ ದೇಶದ ಮತ್ತು ನಾಡಿನ ಗುರುತುಗಳನ್ನು ಪಾಪ್ ಆರ್ಟ್ (ಪೇಟೆಯ, ಜಾಹೀರಾತಿನ ಚಿತ್ರಗಳನ್ನೇ ಕಲೆಯಾಗಿಸುವ ಪಂಥ) ರೀತಿಯ ಗಾಢ ಬಣ್ಣಗಳಲ್ಲಿ ಸ್ಕ್ರೀನ್ ಪ್ರಿಂಟ್ ಮಾಡಿ, ಇಷ್ಟೇ ಪ್ರತಿಗಳು ಎಂದು ಅಂಕಿ ಹಾಕಿ ಮಾರುವ ಚಿತ್ರಗಳು ನಮ್ಮ ಭಾಗದ ಓದುಗರ ಕಣ್ಣಿಗೂ ಬಿದ್ದಿವೆ. ನಾನು ಬೆಳಗಾವಿಯಲ್ಲಿ ತಂದೆಯವರ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಲ್ಲಿ ಲಗ್ನಪತ್ರಿಕೆ ಒಣಗಿಸುತ್ತ ಬೆಳೆದವಳು. ಮುಂದೆ ಚಿತ್ರಕಲಾ ಶಿಕ್ಷಕಿಯಾದೆ, ಸಂಬಳದಲ್ಲಿ ಉಳಿದದ್ದರಲ್ಲಿ ಅಚ್ಚಿನ ಚಿತ್ರಗಳನ್ನು ಕೂಡಿಸುತ್ತ ಬಂದೆ. ಆದ್ದರಿಂದ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಈ ಸಲ ಇವುಗಳಿಗೇ ಉತ್ತರಿಸುತ್ತೇನೆ.

ಪ್ರಶ್ನೆ: ಮೇಡಂ, ಬೆಂಗಳೂರಿನ ಒಂದು ಗ್ಯಾಲರಿಯಲ್ಲಿ ಗಾಂಧೀಜಿಯ ಕನ್ನಡಕವನ್ನು ಗುಲಾಬಿ, ಹಳದಿ ಬಣ್ಣಗಳಲ್ಲಿ ಮಾಡಿದ ಸ್ಕ್ರೀನ್ ಪ್ರಿಂಟ್ ನೋಡಿದೆ. ಕೆಳಗೆ ಪೆನ್ಸಿಲಿನಲ್ಲಿ 38/100 ಎಂದು ಬರೆದಿದೆ. ಬೆಲೆ 18,000 ರೂಪಾಯಿ. ಅಚ್ಚು ಹಾಕಿದ ಚಿತ್ರಕ್ಕೆ ಇಷ್ಟು ಹಣವೇ? ಒಂದನೆಯ ಪ್ರತಿಗಿಂತ ಮೂವತ್ತೆಂಟನೆಯದು ಕಡಿಮೆ ದರ್ಜೆಯದೇ?
— ಬ್ಯಾಂಕ್ ನೌಕರರು, ಚಿಕ್ಕೋಡಿ

ಉತ್ತರ: ನೂರು ಪ್ರತಿಗಳಲ್ಲಿ ಇದು ಮೂವತ್ತೆಂಟನೆಯದು, ಅಷ್ಟೇ. ಒಂದನೆಯದು ಮೇಲು, ನೂರನೆಯದು ಕೀಳು ಎಂಬ ಲೆಕ್ಕ ಸ್ಕ್ರೀನ್ ಪ್ರಿಂಟಿಗೆ ಹೊಂದುವುದಿಲ್ಲ. ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀರಿ ತೆಗೆಯುವ ಅಚ್ಚಿನಲ್ಲಿ ಒತ್ತಿದಂತೆಲ್ಲ ಗೆರೆ ಸವೆಯುತ್ತದೆ. ಮೊದಲ ಪ್ರತಿಗಳಿಗೆ ಹೆಚ್ಚಿನ ಮರ್ಯಾದೆ ಇರುವುದು ಅಲ್ಲಿ. ಸ್ಕ್ರೀನಿನಲ್ಲಿ ಶಾಯಿ ಹೋಗುವುದು ಬಿಗಿದ ಜಾಲರಿಯ ತೂತುಗಳಿಂದ. ಒಂದು ಬಣ್ಣವನ್ನು ಎಲ್ಲ ಹಾಳೆಗಳಿಗೂ ಎಳೆದು, ಒಣಗಿಸಿ, ಆಮೇಲೆ ಮುಂದಿನ ಬಣ್ಣಕ್ಕೆ ಹೋಗುತ್ತಾರೆ. ರ‍್ಯಾಕಿಗೆ ಏರಿ ಇಳಿಯುವಷ್ಟರಲ್ಲಿ ಹಾಳೆಗಳ ಕ್ರಮ ಬದಲಾಗಿರುತ್ತದೆ. ಕೊನೆಗೆ ಸಹಿ ಹಾಕಲು ಕುಳಿತಾಗ ಯಾವುದು ಮೊದಲು ಕೈಗೆ ಬಂತೋ ಅದು ಒಂದನೆಯದು. ಅದಕ್ಕಾಗಿ ಹೆಚ್ಚು ಹಣ ಕೇಳುವವರಿಗೆ ಕೊಡಬೇಡಿ.

ನೀವು ಕೇಳಬೇಕಾದದ್ದು ಬೇರೆ. ನೂರರ ಆಚೆ ಇನ್ನೆಷ್ಟು ಪ್ರತಿಗಳಿವೆ? ‘ಎ.ಪಿ.’ (ಆರ್ಟಿಸ್ಟ್ಸ್ ಪ್ರೂಫ್) ಎಂದು ಗುರುತು ಹಾಕಿದವು ಕಲಾವಿದರ ಪಾಲಿನವು. ವಾಡಿಕೆಯಂತೆ ಎಡಿಷನ್ನಿನ, ಅಂದರೆ ಅಂಕಿ ಹಾಕಿದ ಒಟ್ಟು ಪ್ರತಿಗಳ, ಹತ್ತನೇ ಒಂದು ಭಾಗದಷ್ಟಿರುತ್ತವೆ. ಮುದ್ರಕರ ಪಾಲಿಗೂ ಕೆಲವು ಹೋಗುತ್ತವೆ. ಇದೇ ಚಿತ್ರವನ್ನು ಬೇರೆ ಬಣ್ಣದಲ್ಲಿ ಇನ್ನೊಂದು ನೂರು ತೆಗೆದಿದ್ದಾರೆಯೇ? ಚಿಕ್ಕ ಅಳತೆಯಲ್ಲಿ ಮತ್ತೊಂದು ನೂರು? ಕೆಲಸ ಮುಗಿದ ಮೇಲೆ ಸ್ಕ್ರೀನುಗಳನ್ನು ತೊಳೆದು ಚಿತ್ರ ಅಳಿಸಿದರೇ? ಈ ಮಾಹಿತಿ ಬರಹದಲ್ಲಿ ಬರಬೇಕು. ಏಕೆಂದರೆ ಒಂದು ಸ್ಕ್ರೀನಿನಿಂದ ಸಾವಿರಾರು ಪ್ರತಿ ತೆಗೆಯಬಹುದು. ನೂರಕ್ಕೆ ನಿಲ್ಲಿಸುವುದು ಕಲಾವಿದರ ಮಾತಿನ ಮೇಲೆ ನಿಂತ ಮಿತಿ, ಸಾಮಗ್ರಿ ಹಾಕಿದ ಮಿತಿಯಲ್ಲ.

ಅಮೆರಿಕದ ಪಾಪ್ ಕಲಾವಿದ ಆಂಡಿ ವಾರ್ಹಾಲ್ 1967ರಲ್ಲಿ ನಟಿ ಮರ್ಲಿನ್ ಮನ್ರೋ ಅವರ ಮುಖವನ್ನು ಹತ್ತು ಸ್ಕ್ರೀನ್ ಪ್ರಿಂಟ್‌ಗಳ ಸಂಪುಟವಾಗಿ ತಂದರು, 250 ಪ್ರತಿಗಳ ಎಡಿಷನ್. ಕೆಲವೇ ವರ್ಷಗಳಲ್ಲಿ ಯುರೋಪಿನಲ್ಲಿ ‘ಸಂಡೇ ಬಿ. ಮಾರ್ನಿಂಗ್’ ಎಂಬ ಹೆಸರಿನಲ್ಲಿ ಅವೇ ಮುಖಗಳು ಮತ್ತೆ ಅಚ್ಚಾಗತೊಡಗಿದವು. ಅಂಥ ಕೆಲವು ಪ್ರತಿಗಳ ಮೇಲೆ ವಾರ್ಹಾಲ್ ಅವರೇ ‘ಇದು ನನ್ನದಲ್ಲ’ ಎಂದು ಬರೆದು ಸಹಿ ಹಾಕಿದ್ದಾರೆ. ಅವು ಇಂದಿಗೂ ಮಾರಾಟಕ್ಕೆ ಬರುತ್ತವೆ. ಅಷ್ಟು ದೊಡ್ಡ ಹೆಸರಿಗೇ ಹೀಗಾದ ಮೇಲೆ ನಾವು ಕಾಗದಪತ್ರ ಕೇಳುವುದರಲ್ಲಿ ಸಂಕೋಚ ಬೇಡ.

ಇನ್ನು ಚಿತ್ರವನ್ನೇ ನೋಡುವ ಬಗೆ. ಗಡಿಯಾರ ರಿಪೇರಿ ಮಾಡುವವರ ಹತ್ತಿರ ಇರುವಂಥ ಭೂತಗನ್ನಡಿ ಒಯ್ಯಿರಿ. ಚಿತ್ರದಲ್ಲಿ ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕೆಗಳು ಸಣ್ಣ ಹೂವಿನಾಕಾರದಲ್ಲಿ ಕೂಡಿಕೊಂಡಿದ್ದರೆ ಅದು ಪುಸ್ತಕ, ಪತ್ರಿಕೆ ಅಚ್ಚು ಹಾಕುವ ಆಫ್‌ಸೆಟ್ ಯಂತ್ರದ್ದು. ಶಾಯಿಯನ್ನು ಸಿಂಪಡಿಸಿದಂಥ ಅತಿ ಸಣ್ಣ ಹನಿಗಳಿದ್ದರೆ ಕಂಪ್ಯೂಟರ್ ಪ್ರಿಂಟರಿನ ಕೆಲಸ. ಸ್ಕ್ರೀನ್ ಪ್ರಿಂಟಿನಲ್ಲಿ ಬಣ್ಣ ಸಮನಾಗಿ, ಗಟ್ಟಿಯಾಗಿ ಹರಡಿರುತ್ತದೆ. ಓರೆಯಾಗಿ ಬೆಳಕಿಗೆ ಹಿಡಿದರೆ ಕಾಗದದ ಮೇಲೆ ಶಾಯಿ ತುಸು ಎದ್ದು ಕೂತಿರುವುದು, ಒಂದು ಬಣ್ಣದ ಅಂಚು ಇನ್ನೊಂದರ ಮೇಲೆ ಏರಿರುವುದು ಕಾಣುತ್ತದೆ. ಎಷ್ಟು ಬಣ್ಣವೋ ಸಾಮಾನ್ಯವಾಗಿ ಅಷ್ಟು ಸ್ಕ್ರೀನು, ಅಷ್ಟು ಸಲ ಪ್ರತಿ ಹಾಳೆಯನ್ನೂ ಅದೇ ಗುರುತಿಗೆ ಕೂಡಿಸಿ ಎಳೆಯುವ ಕೆಲಸ. ಹತ್ತಿ ಕಾಗದದ ಮೇಲೆ ಏಳೆಂಟು ಬಣ್ಣಗಳನ್ನು ಕೈಯಲ್ಲಿ ಎಳೆದಿದ್ದರೆ, ಎಡಿಷನ್ನಿನ ವಿವರ ಬರಹದಲ್ಲಿ ಸಿಕ್ಕರೆ, ಆ ಕನ್ನಡಕ ನಿಮಗೆ ದಿನವೂ ನೋಡಬೇಕೆನ್ನಿಸಿದರೆ 18,000 ಅನ್ಯಾಯದ ಬೆಲೆಯಲ್ಲ. ಎರಡೇ ಬಣ್ಣದ್ದಾಗಿದ್ದು, ವಿವರ ಕೇಳಿದಾಗ ಮಾರುವವರು ಮಾತು ತಿರುಗಿಸಿದರೆ ಬಿಟ್ಟು ಬನ್ನಿ.

ಪ್ರಶ್ನೆ: ಪಾಪ್ ಆರ್ಟ್ ಎಂದರೆ ಸೂಪಿನ ಡಬ್ಬಿ, ಸಿನಿಮಾ ತಾರೆಯರ ಮುಖ ಎಂದೇ ಓದಿದ್ದೇನೆ. ಅದಕ್ಕೂ ರಾಷ್ಟ್ರದ ಅಸ್ಮಿತೆಗೂ ಏನು ಸಂಬಂಧ? ನಮ್ಮವರು ಮಾಡುತ್ತಿರುವುದು ಅಮೆರಿಕದ ಅನುಕರಣೆಯಲ್ಲವೇ?
— ಕಾಲೇಜು ಉಪನ್ಯಾಸಕರು, ವಿಜಯಪುರ

ಉತ್ತರ: ಸರ್, ಈ ಪ್ರಶ್ನೆ ಕೇಳಿದ್ದಕ್ಕೆ ಸಂತೋಷವಾಯಿತು. ಸೂಪಿನ ಡಬ್ಬಿಗಿಂತ ಮೊದಲೇ ಧ್ವಜ ಬಂದಿತ್ತು. ಅಮೆರಿಕದ ಕಲಾವಿದ ಜ್ಯಾಸ್ಪರ್ ಜಾನ್ಸ್ 1954-55ರಲ್ಲಿ ತಮ್ಮ ದೇಶದ ಧ್ವಜವನ್ನು, ಧ್ವಜ ಮಾತ್ರವನ್ನು, ಚಿತ್ರದ ತುಂಬ ಬರೆದರು. ಆಗ ಅದರಲ್ಲಿ ನಕ್ಷತ್ರಗಳು 48. ಹತ್ತಿರ ಹೋದರೆ ಮೇಣದ ಬಣ್ಣದ ಅಡಿಯಲ್ಲಿ ವೃತ್ತಪತ್ರಿಕೆಯ ಚೂರುಗಳು ಕಾಣುತ್ತವೆ. ಇದು ಧ್ವಜವೋ, ಧ್ವಜದ ಚಿತ್ರವೋ? ಎದ್ದು ನಿಲ್ಲಬೇಕೋ, ಸುಮ್ಮನೆ ನೋಡಬೇಕೋ? ದಿನವೂ ಕಾಣುವ ಕಾರಣಕ್ಕೇ ನಾವು ನೋಡುವುದನ್ನು ಬಿಟ್ಟಿದ್ದ ಒಂದು ಗುರುತನ್ನು ಅವರು ಮತ್ತೆ ನೋಡುವಂತೆ ಮಾಡಿದರು. ಅದೇ ಧ್ವಜವನ್ನು ಮುಂದೆ ಸ್ಕ್ರೀನ್ ಪ್ರಿಂಟುಗಳಲ್ಲಿಯೂ ತಂದರು. ವಾರ್ಹಾಲರ ಸೂಪಿನ ಡಬ್ಬಿಗಳು ಬಂದದ್ದು 1962ರಲ್ಲಿ. ಅಮೆರಿಕದ ಅಧ್ಯಕ್ಷ ನಿಕ್ಸನ್ 1972ರ ಫೆಬ್ರುವರಿಯಲ್ಲಿ ಚೀನಾಕ್ಕೆ ಹೋಗಿ ಬಂದರು. ಅದೇ ವರ್ಷ ವಾರ್ಹಾಲ್ ಚೀನಾದ ನಾಯಕ ಮಾವೋ ಮುಖದ ಹತ್ತು ಸ್ಕ್ರೀನ್ ಪ್ರಿಂಟ್‌ಗಳನ್ನು ತಂದರು. ಒಂದು ದೇಶದ ಗೋಡೆಗೋಡೆಯ ಮೇಲಿದ್ದ ಪವಿತ್ರ ಮುಖ ಇನ್ನೊಂದು ದೇಶದಲ್ಲಿ ಮಾರಾಟದ ಸರಕಾಯಿತು. ರಾಷ್ಟ್ರದ ಗುರುತು ಮತ್ತು ಪೇಟೆ, ಇವೆರಡೂ ಎಷ್ಟು ಹತ್ತಿರದವು ಎಂಬುದು ಪಾಪ್ ಆರ್ಟಿನ ಒಳಗಿನ ಮಾತೇ ಆಗಿತ್ತು.

ಅನುಕರಣೆಯೇ ಎಂದರೆ ನಾನು ಒಪ್ಪುವುದಿಲ್ಲ. ಅಮೆರಿಕದ ಪಾಪ್ ಕಲಾವಿದರು ಅಂಗಡಿಯಲ್ಲಿದ್ದದ್ದನ್ನು ಗ್ಯಾಲರಿಗೆ ತಂದರು. ನಮ್ಮಲ್ಲಿ ಅದಕ್ಕೂ ಆರೇಳು ದಶಕ ಹಿಂದೆ ದಾರಿ ಎದುರು ದಿಕ್ಕಿನಲ್ಲಿ ತೆರೆದಿತ್ತು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಲಿಥೋ (ಕಲ್ಲಚ್ಚು) ಮುದ್ರಣಾಲಯ ತೆರೆದು, ಅರಮನೆಯ ಗೋಡೆಯ ಮೇಲಿದ್ದ ಲಕ್ಷ್ಮಿ, ಸರಸ್ವತಿಯರನ್ನು ಕೆಲವು ಆಣೆಗಳಿಗೆ ಸಿಗುವಂತೆ ಮಾಡಿದರು. ನಮ್ಮ ಅಜ್ಜಿಯರ ದೇವರಮನೆಗೆ ಬಂದದ್ದು ಆ ದೇವಿಯರೇ. ಅಬನೀಂದ್ರನಾಥ ಠಾಕೂರರು 1905ರಲ್ಲಿ ಭಾರತಮಾತೆಯನ್ನು ಕಾವಿಯುಟ್ಟ, ನಾಲ್ಕು ಕೈಯ ಶಾಂತ ಹೆಣ್ಣುಮಗಳಾಗಿ ಬರೆದರು. ಮುಂದೆ ಕ್ಯಾಲೆಂಡರಿನವರು ಭಾರತಮಾತೆಗೆ ಕಿರೀಟ, ಸಿಂಹ, ಧ್ವಜ ಕೊಟ್ಟರು. ದೇಶ ಹೇಗಿರುತ್ತದೆ ಎಂದು ಲಕ್ಷಾಂತರ ಜನ ಮೊದಲು ಕಂಡದ್ದು ಬೆಂಕಿಪೆಟ್ಟಿಗೆಯ ಲೇಬಲ್ಲಿನಲ್ಲಿ, ಕಿರಾಣಿ ಅಂಗಡಿಯ ಕ್ಯಾಲೆಂಡರಿನಲ್ಲಿ. ಇಷ್ಟು ಸಾಮಗ್ರಿ ಮನೆಯಲ್ಲೇ ಇರುವಾಗ ಯಾರಿಂದ ಸಾಲ ತರಬೇಕು? ಬರೋಡಾದಲ್ಲಿ ಲೆಕ್ಕಪತ್ರದ ಕೆಲಸ ಮಾಡಿಕೊಂಡೇ ಚಿತ್ರ ಬರೆದ ಭೂಪೇನ್ ಖಖ್ಖರ್ 1960ರ ದಶಕದಲ್ಲಿ ಅಂಗಡಿಯ ದೇವರ ಪಟಗಳನ್ನೇ ಕತ್ತರಿಸಿ ಅಂಟಿಸಿ ಕೊಲಾಜ್ ಮಾಡಿದರು.

ನನಗೆ ಎಲ್ಲಕ್ಕಿಂತ ಪ್ರಿಯವಾದವು ಎರಡು. ಒಂದು, ಬಂಗಾಳದ ಕಲಾವಿದ ನಂದಲಾಲ್ ಬೋಸ್ 1930ರ ಉಪ್ಪಿನ ಸತ್ಯಾಗ್ರಹದ ದಿನಗಳಲ್ಲಿ ಲಿನೋಲಿಯಂ ಕೊರೆದು ತೆಗೆದ ಕೋಲು ಹಿಡಿದು ನಡೆಯುವ ಬಾಪೂಜಿ. ಕಪ್ಪು ಬಿಳುಪು, ಕೆಲವೇ ಗೆರೆ. ಇಂದಿನ ಗಾಂಧಿ ಪ್ರಿಂಟುಗಳಲ್ಲಿ ಬಹುಪಾಲು ಆ ಚಿತ್ರದ ಮಕ್ಕಳು. ಇನ್ನೊಂದು, 1938ರಲ್ಲಿ ಗುಜರಾತಿನ ಹರಿಪುರದಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿಯವರ ಕೋರಿಕೆಯಂತೆ ನಂದಲಾಲ್ ಮತ್ತು ಅವರ ಸಂಗಡಿಗರು ಅಗ್ಗದ ಕಾಗದದ ಮೇಲೆ ಮಣ್ಣಿನ ಬಣ್ಣಗಳಲ್ಲಿ ಬರೆದ ಸುಮಾರು 400 ಪೋಸ್ಟರುಗಳು. ಅವು ಅಚ್ಚಿನವಲ್ಲ, ಒಂದೊಂದನ್ನೂ ಕೈಯಿಂದಲೇ ಬರೆದವು. ರಾಷ್ಟ್ರೀಯ ಅಧಿವೇಶನದ ಆ ಪೋಸ್ಟರುಗಳಲ್ಲಿ ತುಂಬಿಕೊಂಡಿರುವವರು ನಾಯಕರಲ್ಲ. ಡೋಲು ಬಾರಿಸುವವನು, ಚಮ್ಮಾರ, ಬಡಗಿ, ಹೋರಿ ಹಿಡಿದವನು, ಮಗುವನ್ನು ಎತ್ತಿಕೊಂಡ ತಾಯಿ. ಗಾಂಧೀಜಿ ಅಧ್ಯಕ್ಷರಾದ ಏಕೈಕ ಕಾಂಗ್ರೆಸ್ ಅಧಿವೇಶನ, 1924ರ ಡಿಸೆಂಬರಿನದು, ನಡೆದದ್ದು ನಮ್ಮ ಬೆಳಗಾವಿಯಲ್ಲಿ. ಅದರ ನೆನಪಿಗೆ ಯಾರಾದರೂ ಪ್ರಿಂಟ್ ಸರಣಿ ಮಾಡುವುದಾದರೆ ಹರಿಪುರದ ದಾರಿ ಹಿಡಿಯಲಿ ಎಂದು ನನ್ನ ಆಸೆ. ಮುಖಗಳನ್ನು ಗುಲಾಬಿ ಮಾಡಿದ ಮಾತ್ರಕ್ಕೆ ಪಾಪ್ ಆಗುವುದಿಲ್ಲ. ನೋಡಿ ನೋಡಿ ಕುರುಡಾದ ಗುರುತಿಗೆ ಕಣ್ಣು ಕೊಡಬೇಕು. ಕೊಳ್ಳುವಾಗ ಇದನ್ನೇ ನಾನು ಹುಡುಕುತ್ತೇನೆ.

ಪ್ರಶ್ನೆ: ತ್ರಿವರ್ಣ ಧ್ವಜವನ್ನೇ ವಿಷಯ ಮಾಡಿಕೊಂಡ ಒಂದು ಪ್ರಿಂಟ್ ಕೊಂಡಿದ್ದೇನೆ. ನನ್ನ ಅಂಗಡಿಯಲ್ಲಿ ತೂಗು ಹಾಕಬೇಕೆಂದಿದ್ದೇನೆ. ಕಾನೂನಿನ ತೊಂದರೆ ಇದೆಯೇ?
— ಬಟ್ಟೆ ವ್ಯಾಪಾರಿ, ಬಾಗಲಕೋಟೆ

ಉತ್ತರ: ತಿಳಿದುಕೊಂಡೇ ಹಾಕಿ. ರಾಷ್ಟ್ರ ಗೌರವಕ್ಕೆ ಅಪಮಾನ ತಡೆ ಕಾಯ್ದೆ 1971ರದು. ಅದರ ಪ್ರಕಾರ ಬಟ್ಟೆಯ ಧ್ವಜ ಮಾತ್ರ ಧ್ವಜವಲ್ಲ. ಚಿತ್ರ, ಫೋಟೊ, ಯಾವುದೇ ವಸ್ತುವಿನ ಮೇಲಿನ ಅದರ ರೂಪವೂ ಧ್ವಜವೇ. ಸಾರ್ವಜನಿಕ ಸ್ಥಳದಲ್ಲಿ ಅಥವಾ ಜನರಿಗೆ ಕಾಣುವ ಜಾಗದಲ್ಲಿ ಅದನ್ನು ಸುಡುವುದು, ವಿಕಾರಗೊಳಿಸುವುದು ಅಪರಾಧ. ಮೂರು ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡೂ ಆಗಬಹುದು. ಧ್ವಜದ ಮೇಲೆ ಅಕ್ಷರ ಬರೆಯುವಂತಿಲ್ಲ. ಉದ್ದೇಶಪೂರ್ವಕವಾಗಿ ಕೇಸರಿ ಕೆಳಗೆ ಬರುವಂತೆ ತೋರಿಸುವಂತಿಲ್ಲ. ದಿಂಬು, ಕರವಸ್ತ್ರಗಳ ಮೇಲೆ ಅಚ್ಚು ಹಾಕುವಂತಿಲ್ಲ. ನಿಮ್ಮ ಪ್ರಿಂಟಿನಲ್ಲಿ ಪಟ್ಟೆಗಳ ಮೇಲೆ ಘೋಷಣೆ ಇದೆಯೇ ನೋಡಿ. ಇದ್ದರೆ ಅಂಗಡಿಯಲ್ಲಿ ಬೇಡ, ಮೊದಲು ವಕೀಲರನ್ನು ಕೇಳಿ. ನಾಲ್ಕು ಸಿಂಹಗಳ ರಾಷ್ಟ್ರಲಾಂಛನಕ್ಕೆ 2005ರ ಪ್ರತ್ಯೇಕ ಕಾಯ್ದೆ ಇದೆ, ವ್ಯಾಪಾರಕ್ಕೆ ಅದನ್ನು ಬಳಸಬಾರದು. ಚೌಕಟ್ಟು ಹಾಕುವವರಿಗೆ ಮೇಲ್ಬದಿ ಯಾವುದೆಂದು ಹಿಂದೆ ಬರೆದುಕೊಡಿ.

ನಿಮ್ಮ ಊರಿನವರಿಗೆ ಇನ್ನೊಂದು ಮಾತು ಹೇಳದೆ ಇರಲಾರೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಧ್ವಜಗಳಿಗೆ ಖಾದಿ ನೇಯುವುದು ನಿಮ್ಮ ಜಿಲ್ಲೆಯ ತುಳಸಿಗೇರಿಯಲ್ಲಿ. ಆ ಬಿಳಿ ಪಟ್ಟೆಯ ಮೇಲೆ 24 ಅರಗಳ ನೀಲಿ ಚಕ್ರ ಮೂಡುವುದು ಸ್ಕ್ರೀನ್ ಪ್ರಿಂಟಿಂಗಿನಿಂದಲೇ. ಚಕ್ರ ಎರಡೂ ಬದಿಗೆ ಕಾಣಬೇಕು, ಒಂದಕ್ಕೊಂದು ತಪ್ಪದೆ ಕೂಡಬೇಕು. ಆ ಬಗೆಯ ಕೂಡಿಕೆ ಎಷ್ಟು ಕಷ್ಟವೆಂದು ಎರಡು ಬಣ್ಣದ ಲಗ್ನಪತ್ರಿಕೆ ಎಳೆದವರಿಗೆ ಗೊತ್ತು. ದೇಶದ ಗುರುತಿನ ಸ್ಕ್ರೀನ್ ಪ್ರಿಂಟ್ ಎಂದಾಗ ನನ್ನ ಮನಸ್ಸಿಗೆ ಮೊದಲು ಬರುವುದು ಹೆಸರಿಲ್ಲದ, ಸಹಿಯಿಲ್ಲದ ಆ ಕೈಕೆಲಸ.

ಪ್ರಶ್ನೆ: ಐದು ವರ್ಷದಲ್ಲಿ ಇವುಗಳ ಬೆಲೆ ಎರಡು ಪಟ್ಟು ಆಗುತ್ತದೆ ಎಂದು ಮಾರುವವರು ಹೇಳುತ್ತಾರೆ. ನಿಜವೇ?
— ಅಥಣಿಯ ಓದುಗರು

ಉತ್ತರ: ಹಾಗೆಂದು ಹೇಳಿ ಮಾರುವವರಿಂದ ಕೊಳ್ಳಬೇಡಿ. ಬೆಲೆ ಏರಿದರೂ ಕೊಳ್ಳುವವರು ಸಿಗಬೇಕಲ್ಲ? ಹಣ ಬೆಳೆಸುವುದಕ್ಕೆ ಅಂಚೆ ಕಚೇರಿ ಇದೆ.

ಪ್ರಶ್ನೆ: ಕೊಂಡ ಪ್ರಿಂಟುಗಳನ್ನು ಬೆಳಗಾವಿಯ ಮಳೆಗಾಲದಲ್ಲಿ ಕಾಪಾಡುವುದು ಹೇಗೆ? ಲ್ಯಾಮಿನೇಷನ್ ಮಾಡಿಸಿದರೆ ಒಳ್ಳೆಯದಲ್ಲವೇ?
— ಗೃಹಿಣಿ, ಶಹಾಪುರ, ಬೆಳಗಾವಿ

ಉತ್ತರ: ಬೇಡ, ದಯವಿಟ್ಟು ಬೇಡ. ಲ್ಯಾಮಿನೇಷನ್ ಮಾಡಿಸಿದ ಪ್ರಿಂಟನ್ನು ಮತ್ತೆ ಬಿಡಿಸಲಾಗದು. ಅಲ್ಲಿಗೆ ಅದರ ಕಥೆ ಮುಗಿಯಿತು. ಅದಕ್ಕಿಂತಲೂ ನನ್ನ ಹೊಟ್ಟೆ ಉರಿಸುವುದು ಚೌಕಟ್ಟಿನ ಅಳತೆಗೆ ಸರಿಹೊಂದಲಿ ಎಂದು ಅಂಚು ಕತ್ತರಿಸುವುದು. ಸಹಿ ಮತ್ತು ಅಂಕಿ ಇರುವುದೇ ಆ ಬಿಳಿ ಅಂಚಿನಲ್ಲಿ! ನನ್ನದೊಂದು ಪ್ರಿಂಟನ್ನು ಒಂದು ಅಂಗಡಿಯಲ್ಲಿ ಹೀಗೆ ಕತ್ತರಿಸಿ, ಅಂಚನ್ನು ಕಸಕ್ಕೆ ಹಾಕಿ, ಚಂದವಾಗಿ ಹೊಳಪಿನ ಚೌಕಟ್ಟು ಹಾಕಿ ಕೊಟ್ಟರು. ಅಂದಿನಿಂದ ಕೆಲಸ ಕೊಡುವಾಗ ‘ಕತ್ತರಿಸಬಾರದು, ಅಂಟಿಸಬಾರದು’ ಎಂದು ರಸೀತಿಯ ಮೇಲೆಯೇ ಬರೆಸಿಕೊಳ್ಳುತ್ತೇನೆ.

ಪ್ರಿಂಟಿನ ಹಿಂದೆ ಪ್ಲೈವುಡ್ ನೇರವಾಗಿ ತಾಗಿದರೆ ಕೆಲವು ವರ್ಷಗಳಲ್ಲಿ ಕಂದು ಕಲೆ ಏಳುತ್ತದೆ. ನಡುವೆ ಆಮ್ಲರಹಿತ ಮೌಂಟ್ ಬೋರ್ಡ್ ಇರಲಿ, ಮುಂದೆಯೂ ಅದರದೇ ಕಿಟಕಿ ಕತ್ತರಿಸಿದ ಹಾಳೆ ಇರಲಿ. ಆಗ ಗಾಜು ಶಾಯಿಗೆ ತಾಗುವುದಿಲ್ಲ. ಸೆಲೋಟೇಪಿನ ಬದಲು ಮೇಲಂಚಿಗೆ ಎರಡು ಕಡೆ ತೆಳು ಜಪಾನಿ ಕಾಗದದ ಪಟ್ಟಿಯನ್ನು ಗೋಧಿ ಗಂಜಿಯಿಂದ ಅಂಟಿಸಿ ತೂಗುಬಿಡಬೇಕು. ಮಳೆ ಬಡಿಯುವ ಹೊರಗೋಡೆಗೆ ಹಾಕಬೇಡಿ. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೆ ಬಿರಡೆಯ ಚೂರು ಅಂಟಿಸಿದರೆ ಗಾಳಿ ಆಡುತ್ತದೆ, ಬೂಸ್ಟು ಕಡಿಮೆ. ವಿಜಯಪುರ, ಬಾಗಲಕೋಟೆಯ ಓದುಗರಿಗೆ ತೇವಕ್ಕಿಂತ ಬಿಸಿಲೇ ಶತ್ರು. ಪಾಪ್ ಪ್ರಿಂಟುಗಳಲ್ಲಿ ಹೆಚ್ಚು ಬಳಸುವ ಫ್ಲೋರೆಸೆಂಟ್ ಗುಲಾಬಿ, ಕಿತ್ತಳೆ ಬಣ್ಣಗಳು ಎಲ್ಲಕ್ಕಿಂತ ಮೊದಲು ಮಾಸುತ್ತವೆ. ಕಿಟಕಿಯ ಎದುರು ಗೋಡೆ ಬಿಟ್ಟು ಒಳಕೋಣೆಯಲ್ಲಿ ಹಾಕಿ.

ಪ್ರಶ್ನೆ: ನನ್ನ ಹತ್ತಿರ ತಿಂಗಳಿಗೆ ಸಾವಿರ ರೂಪಾಯಿ ಉಳಿಯುತ್ತದೆ. ಅಷ್ಟರಲ್ಲಿ ಸಂಗ್ರಹ ಸಾಧ್ಯವೇ? ಎಲ್ಲಿ ಹುಡುಕಲಿ?
— ನೇಕಾರರ ಮನೆಯ ಯುವತಿ, ಇಳಕಲ್

ಉತ್ತರ: ಸಾಧ್ಯವಿದೆ ತಂಗಿ. ದೊಡ್ಡ ಹೆಸರುಗಳ ಸೆರಿಗ್ರಾಫ್‌ಗಳ (ಕಲಾವಿದರ ಸ್ಕ್ರೀನ್ ಪ್ರಿಂಟುಗಳಿಗೆ ಇನ್ನೊಂದು ಹೆಸರು) ಆಸೆ ಸದ್ಯಕ್ಕೆ ಬೇಡ. ಕಲಾ ಕಾಲೇಜುಗಳ ವಾರ್ಷಿಕ ಪ್ರದರ್ಶನಕ್ಕೆ ಹೋಗಿ, ಗ್ರಾಫಿಕ್ (ಅಚ್ಚುಕಲೆ) ವಿಭಾಗದ ವಿದ್ಯಾರ್ಥಿಗಳ ಪ್ರಿಂಟುಗಳನ್ನು ನೋಡಿ. ಎಡಿಷನ್ ಹತ್ತೋ ಹದಿನೈದೋ ಇರುತ್ತದೆ, ಎಳೆದವರೇ ಎದುರಿಗೆ ನಿಂತಿರುತ್ತಾರೆ, ಹೇಗೆ ಮಾಡಿದೆ ಎಂದು ಕೇಳಬಹುದು. ಬೆಂಗಳೂರಿನಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ನಡೆಸುತ್ತಿರುವ ಚಿತ್ರಸಂತೆ ಜನವರಿಯಲ್ಲಿ ಬರುತ್ತದೆ. ರಸ್ತೆಯ ಮೇಲೇ ಕಲಾವಿದರ ಕೈಯಿಂದ ಕೊಳ್ಳಬಹುದು.

ನಿಮ್ಮ ಊರಲ್ಲೇ ಹುಡುಕುವುದು ಬಹಳ ಇದೆ. ಹಳೆಯ ಮನೆ ಒಡೆಯುವಾಗ ರವಿವರ್ಮ ಮುದ್ರಣಾಲಯದ ಪಟಗಳು ಹೊರಬರುತ್ತವೆ. ಕೆಲವಕ್ಕೆ ಮನೆಯ ಹೆಂಗಸರು ಜರಿ, ಚಮಕಿ ಅಂಟಿಸಿ ಸೀರೆ ಉಡಿಸಿರುತ್ತಾರೆ. ಅವನ್ನು ಕಿತ್ತು ‘ಸ್ವಚ್ಛ’ ಮಾಡಬೇಡಿ, ಪಟದ ಅರ್ಧ ಜೀವ ಅಲ್ಲಿದೆ. ಹಳೆಯ ಕ್ಯಾಲೆಂಡರ್, ಬೆಂಕಿಪೆಟ್ಟಿಗೆ ಲೇಬಲ್, ರಾಜ್ಯೋತ್ಸವದ ಪೋಸ್ಟರ್, ಸೀರೆ ಅಂಗಡಿಯ ಹಳೆಯ ಪೆಟ್ಟಿಗೆಯ ಮುಚ್ಚಳ, ಇವೂ ನಾಡಿನ ಗುರುತಿನ ದಾಖಲೆಗಳು. ಪ್ರತಿಯೊಂದರ ಹಿಂದೆ ಎಲ್ಲಿ, ಯಾರಿಂದ, ಯಾವಾಗ ಸಿಕ್ಕಿತು ಎಂದು ಪ್ರತ್ಯೇಕ ಚೀಟಿ ಇಡಿ. ವಿವರವಿಲ್ಲದ ಸಂಗ್ರಹ ರದ್ದಿಯ ಗಂಟಾಗುತ್ತದೆ.

ಪ್ರಶ್ನೆ: ಅಕ್ಕಾವರೇ, ನಾನು ಒಂಬತ್ತನೇ ತರಗತಿ. ಜನವರಿ 26ಕ್ಕೆ ಶಾಲೆಯಲ್ಲಿ ನಾವೇ ಸ್ಕ್ರೀನ್ ಪ್ರಿಂಟ್ ಮಾಡಿ ಅಂಕಿ ಹಾಕಿ ಮಾರಬೇಕೆಂದಿದ್ದೇವೆ. ಏನು ಮಾಡಲಿ, ಹೇಗೆ ಮಾಡಲಿ?
— ವಿದ್ಯಾರ್ಥಿ, ಬಾದಾಮಿ

ಉತ್ತರ: ತಮ್ಮಾ, ಬೆಂಗಳೂರಿನಲ್ಲಿ ಕೆನ್ ಕಲಾಶಾಲೆ ಕಟ್ಟಿದ ಆರ್.ಎಂ. ಹಡಪದ ಅವರು ನಿಮ್ಮ ಊರಿನವರು. ನೀನು ಅದೇ ಬಂಡೆಗಳ ಕೆಳಗೆ ಕುಳಿತಿದ್ದೀಯ. ಧ್ವಜವನ್ನು ಮುಟ್ಟಬೇಡ, ನಿಯಮಗಳು ಬಹಳ. ಕಪ್ಪೆ ಅರಭಟ್ಟನ ಶಾಸನ ನಿಮ್ಮ ಊರಿನ ಬಂಡೆಯ ಮೇಲೇ ಇದೆ, ಕನ್ನಡದ ತ್ರಿಪದಿ ಕಲ್ಲಿನಲ್ಲಿ ಕೂತ ಅತಿ ಹಳೆಯ ಜಾಗಗಳಲ್ಲಿ ಒಂದು. ಅದರ ಒಂದೇ ಅಕ್ಷರವನ್ನು ಆರಿಸಿಕೊಂಡು ಹಾಳೆಯ ತುಂಬ ದೊಡ್ಡದು ಮಾಡು. ಬಂಡೆಯ ಕೆಂಪು ಒಂದು ಬಣ್ಣ, ಅಗಸ್ತ್ಯ ತೀರ್ಥದ ಹಸಿರು ಇನ್ನೊಂದು.

ಮರದ ಚೌಕಟ್ಟಿಗೆ ಒತ್ತಾದ ನೇಯ್ಗೆಯ ಪಾಲಿಯೆಸ್ಟರ್ ಜಾಲರಿ ಬಟ್ಟೆಯನ್ನು ಡೋಲಿನ ಚರ್ಮದಷ್ಟು ಬಿಗಿಯಾಗಿ ಎಳೆದು ಸ್ಟೇಪಲ್ ಹೊಡೆಯಿರಿ. ಅಂಗಡಿಗಳಲ್ಲಿ ಬಳಸುವ ಬೈಕ್ರೋಮೇಟ್ ರಾಸಾಯನಿಕ ವಿಷಕಾರಿ, ಶಾಲೆಯಲ್ಲಿ ಅದು ಬೇಡವೇ ಬೇಡ. ತೆಳು ಕಾಗದದಲ್ಲಿ ಆಕಾರ ಕತ್ತರಿಸಿ ಜಾಲರಿಯ ಕೆಳಗೆ ಇಟ್ಟರೆ ಸಾಕು, ಮೊದಲ ಎಳೆತಕ್ಕೆ ಶಾಯಿಯೇ ಅದನ್ನು ಅಂಟಿಸಿಕೊಳ್ಳುತ್ತದೆ. ಪ್ರತಿ ಬಣ್ಣಕ್ಕೆ ಬೇರೆ ಕಾಗದ. ನೀರಿನ ಶಾಯಿ ಬಳಸಿ, ರಬ್ಬರಿನ ಸ್ಕ್ವೀಜಿಯನ್ನು (ಶಾಯಿ ಎಳೆಯುವ ಪಟ್ಟಿ) ಓರೆಯಾಗಿ ಹಿಡಿದು ಒಂದೇ ಒತ್ತಡದಲ್ಲಿ ಎಳೆಯಬೇಕು. ಮೇಜಿನ ಮೇಲೆ ರಟ್ಟಿನ ಮೂರು ತುಂಡು ಅಂಟಿಸಿ ಪ್ರತಿ ಹಾಳೆಯ ಮೂಲೆಯನ್ನೂ ಅದಕ್ಕೆ ತಾಗಿಸಿ ಇಟ್ಟರೆ ಎರಡನೆಯ ಬಣ್ಣ ಸರಿಯಾಗಿ ಕೂರುತ್ತದೆ. ಕಾಗದದ ಸ್ಟೆನ್ಸಿಲ್ ಇಪ್ಪತ್ತು ಮೂವತ್ತು ಪ್ರತಿಗಳಿಗೆ ಸೊರಗುತ್ತದೆ, ನಿಮ್ಮ ಎಡಿಷನ್ನಿನ ಮಿತಿ ಅದೇ ಆಗಲಿ. ಕೆಟ್ಟ ಪ್ರತಿಗಳನ್ನು ಬೇರೆ ತೆಗೆದು, ಒಳ್ಳೆಯವನ್ನು ಎಣಿಸಿ, ಆಮೇಲೆ ಅಂಕಿ ಬರೆಯಿರಿ. ಹತ್ತು ಜನ ಎಳೆದಿದ್ದರೆ ಹತ್ತು ಜನರೂ ಸಹಿ ಹಾಕಿ. ಒಂದು ಪ್ರತಿಯನ್ನು ಪತ್ರಿಕೆಯ ವಿಳಾಸಕ್ಕೆ ಕಳಿಸಿ, ಬೆಲೆ ತಿಳಿಸಿ. ನಾನು ಹಣ ಕಳಿಸುತ್ತೇನೆ.